ಕೆಂಪಲಗುಂದಿ ಹುಡುಗಿಯರ ಪಗಾರ

ಕುವೈತಿಗೆ ಬಂದು ಇಷ್ಟು ವರ್ಷವಾದರೂ ಕಾಂಚನಾಳ ಕನಸಿನಲ್ಲಿ ಒಂದು ಕಟ್ಟಡವೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಕೆಂಪು ಮಣ್ಣಿನ ಅಂಗಳ, ಅದರ ಎರಡು ತುದಿಗೆ ಎರಡು ಮರದ ಕಂಬ, ನಡುವೆ ಸಾಲಾಗಿ ಕುಕ್ಕರಗಾಲಲ್ಲಿ ಕೂತ ಹುಡುಗಿಯರು. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಸಾಲಿನಲ್ಲಿ ತಾನೂ ಕೂತಿರುತ್ತಿದ್ದಳು. ಹಿಂದಿನಿಂದ ಯಾರೋ ಓಡಿ ಬರುವ ಸಪ್ಪಳ ಹತ್ತಿರವಾಗುತ್ತಿತ್ತು. ಇನ್ನೇನು ಬೆನ್ನಿಗೆ ಅಂಗೈ ಬಿದ್ದು ‘ಖೋ’ ಎಂಬ ಕೂಗು ಕೇಳಬೇಕು, ಎಚ್ಚರವಾಗಿಬಿಡುತ್ತಿತ್ತು. ಅಬ್ಬಾಸಿಯಾದ ಫ್ಲ್ಯಾಟಿನ ಎಸಿ ಗುಂಯ್ ಎನ್ನುತ್ತಿರುತ್ತಿತ್ತು. ಪಕ್ಕದಲ್ಲಿ ಗಂಡ ಸಂಜೀವ, ಎಣ್ಣೆಬಾವಿಗಳ ಕಡೆ ಶಿಫ್ಟು ಮುಗಿಸಿ ಬಂದವನು, ಕಲ್ಲಿನಂತೆ ಮಲಗಿರುತ್ತಿದ್ದ.

ಡಿಗ್ರಿ ಓದುವಾಗ ಅವಳು ಕೆಂಪಲಗುಂದಿ ಕಾಲೇಜಿನ ಖೋಖೋ ತಂಡದಲ್ಲಿದ್ದಳು. ಸಣ್ಣ ಊರು, ಸಣ್ಣ ಕಾಲೇಜು. ಆಟದ ಸಾಮಾನಿಡುವ ಕೋಣೆಗೆ ತಗಡಿನ ಮಾಡು. ದೈಹಿಕ ಶಿಕ್ಷಕರೊಬ್ಬರೇ ಎಲ್ಲ ಆಟಕ್ಕೂ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳು ಸಲ್ವಾದ ಒಂದು ಹೆಂಗಸರ ಜಿಮ್ಮಿನಲ್ಲಿ ಕೆಲಸಕ್ಕೆ ಸೇರಿದಳು. ಟವೆಲ್ಲು ಕೊಡುವುದು, ಈಜುಕೊಳದ ಅಂಚು ಒರೆಸುವುದು, ಬೆವರಿದ ಯಂತ್ರಗಳನ್ನು ಶುಚಿ ಮಾಡುವುದು. ಓಡುವವರ ನಡುವೆ ದಿನವಿಡೀ ಇದ್ದರೂ ಅವಳು ಓಡಿದ್ದಿಲ್ಲ.

ಕುವೈತಿನಲ್ಲಿ ಕೆಂಪಲಗುಂದಿಯವರು ಒಂದು ದೊಡ್ಡ ಕೋಣೆ ತುಂಬುವಷ್ಟಿದ್ದರು. ಕಾಲೇಜಿನ ಹುಡುಗಿಯರ ಪಂದ್ಯಗಳನ್ನು ಯಾರೋ ಮೊಬೈಲಿನಲ್ಲಿ ನೇರವಾಗಿ ತೋರಿಸಲು ಶುರುಮಾಡಿದಾಗ, ಶುಕ್ರವಾರದ ರಜೆಗೆ ಎಲ್ಲರೂ ಕಾಂಚನಾಳ ಮನೆಯಲ್ಲಿ ಸೇರುವುದು ರೂಢಿಯಾಯಿತು. ಟಿವಿಯ ಮೇಲೆ ಚಿತ್ರ ಮಸುಕಾಗಿ, ನಿಂತು ನಿಂತು ಬರುತ್ತಿತ್ತು. ನೀರಿನೊಳಗೆ ಯಾರೋ ಆಡುತ್ತಿರುವಂತೆ ಹುಡುಗಿಯರು ತೇಲುತ್ತ ಓಡುತ್ತಿದ್ದರು. ಅವರಲ್ಲಿ ಬಾಳಕ್ಕ ಎಂಬವಳೊಬ್ಬಳು. ಅಜ್ಜಿಯ ಹೆಸರಿಟ್ಟಿದ್ದರಂತೆ. ಕೋಲುದೇಹದ ಆ ಹುಡುಗಿ ಕಂಬದ ಬಳಿ ನೆಲಕ್ಕೆ ಸಮನಾಗಿ ಚಾಚಿ ಹಾರಿದರೆ, ಕೆಳಗೆ ಬೀಳುವುದನ್ನೇ ಮರೆತಂತೆ ಕಾಣುತ್ತಿತ್ತು.

“ಈಕಿನೂ ಮುಂದಿನ ವರ್ಷ ಹೋಗ್ತಾಳ ನೋಡ್ರಿ,” ಎಂದು ಒಂದು ಶುಕ್ರವಾರ ಫಕೀರಪ್ಪ ಹೇಳಿದ. ಜಹ್ರಾದಲ್ಲಿ ಬಕಾಲಾ, ಅಂದರೆ ದಿನಸಿ ಅಂಗಡಿ ನಡೆಸುವ ಫಕೀರಪ್ಪ ಊರವರಿಗೆಲ್ಲ ಕಾಕಾ. “ಸಿಟಿ ಕಾಲೇಜಿನವ್ರು ಹಾಸ್ಟೆಲ್ ಕೊಡ್ತಾರ, ತಿಂಗಳಾ ರೊಕ್ಕ ಕೊಡ್ತಾರ. ನಮ್ಮವ್ರು ಬೆಳೆಸೋದು, ಅವ್ರು ಕೊಯ್ಯೋದು. ನಾವ ಯಾಕ ಪಗಾರ ಕೊಡಬಾರ್ದು?”

ಎಲ್ಲರೂ ಒಟ್ಟಿಗೆ ಮಾತಾಡಿದರು. ಹೀಗೆ ‘ಕುವೈತ್ ಅಭಿಮಾನಿ ಬಳಗ’ ಹುಟ್ಟಿತು. ಕೈಲಾದಷ್ಟು ಎಲ್ಲರೂ ಹಾಕಿದರು. ಹೆಚ್ಚು ಪಾಲು ಫಕೀರಪ್ಪನದು. ಹುಡುಗಿಯರ ಜೊತೆ ಮಾತಾಡುವ ಕೆಲಸ ಕಾಂಚನಾಳ ಪಾಲಿಗೆ ಬಂತು.

ಮೊದಲ ತಿಂಗಳು ದುಡ್ಡು ಮುಟ್ಟಿದಾಗ ವಿಡಿಯೋ ಬಂತು. ಹುಡುಗಿಯರು ಬಳಗದ ಬ್ಯಾನರ್ ಹಿಡಿದು ಸಾಲಾಗಿ ನಿಂತಿದ್ದರು. ಬಾಳಕ್ಕ ಮುಂದೆ ಬಂದು ಫಕೀರಪ್ಪ ಕಾಕಾ ಮೊದಲಾಗಿ ಎಲ್ಲರ ಹೆಸರು ಹೇಳಿ ವಂದಿಸಿದಳು. ನೋಡುತ್ತ ಕಾಂಚನಾಳ ಕಣ್ಣು ತುಂಬಿತು. ಫಕೀರಪ್ಪ ಆ ವಿಡಿಯೋವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ, ಕನ್ನಡ ಬಾರದ ಈಜಿಪ್ಟಿನ ಚಾಲಕರಿಗೂ.

ಎರಡನೆಯ ತಿಂಗಳು ಅವನು ಫೋನು ಮಾಡಿ, “ಈ ಸಲ ದನಿ ಸಣ್ಣ ಆಗೇತಿ. ಇನ್ನೊಮ್ಮೆ ಮಾಡಿ ಕಳಸಾಕ ಹೇಳವ್ವಾ. ನನ್ನ ಹೆಸರು ಸರಿಯಾಗಿ ಕೇಳಂಗಿಲ್ಲ,” ಎಂದ. ಹುಡುಗಿಯರು ಮತ್ತೆ ನಿಂತರು. ಅಭ್ಯಾಸ ಮುಗಿಸಿ ಬಂದಿದ್ದ ಬಾಳಕ್ಕನ ಮೊಣಕಾಲು ತರಚಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಅದೇ ಮಾತನ್ನು ಜೋರಾಗಿ ಹೇಳಿದಳು. ಕಾಂಚನಾಳಿಗೆ ಏನೋ ಚುಚ್ಚಿತು. ಏನೆಂದು ಹೊಳೆಯಲಿಲ್ಲ.

ಅದು ಹೊಳೆದದ್ದು ಸಲ್ವಾದಲ್ಲಿ. ಜಿಮ್ಮಿಗೆ ಬರುವ ಒಬ್ಬ ಮೇಡಂ ಕೆಲಸದ ಹೆಂಗಸರಿಗೆಲ್ಲ ಲಕೋಟೆಯಲ್ಲಿ ಭಕ್ಷೀಸು ಹಂಚಿದಳು. ಹಂಚುವಾಗ ಇನ್ನೊಂದು ಕೈಯಲ್ಲಿ ಫೋನು ಹಿಡಿದು, “ಸ್ಮೈಲ್, ಸ್ಮೈಲ್,” ಎನ್ನುತ್ತಿದ್ದಳು. ಕಾಂಚನಾ ನಕ್ಕಳು. ನಕ್ಕ ಬಾಯಿ ಬಹಳ ಹೊತ್ತು ಮುಖದ ಮೇಲೆ ಬೇರೆಯವರದಂತೆ ಉಳಿದುಕೊಂಡಿತು.

ಕೌಂಟರಿನಲ್ಲಿ ಕೂರುವ ಒಲಿಂಡಾ, ಉಡುಪಿ ಕಡೆಯವಳು, ಟವೆಲ್ಲು ಮಡಚುತ್ತ ಗೊಣಗಿದಳು: “ಕೊಡುವುದಾದ್ರೆ ಕೊಡ್ಲಿ ಮಾರಾಯ್ತಿ. ವಿಡಿಯೋ ಎಂತಕ್ಕೆ? ಸಂಬಳ ಕೊಡುವಾಗ ಯಾರಾದ್ರೂ ವಿಡಿಯೋ ಮಾಡ್ತಾರಾ?”

ಕಾಂಚನಾ ಕೊಳದ ನೀರನ್ನೇ ನೋಡುತ್ತ ನಿಂತಳು. ನೀಲಿ ಹಂಚುಗಳ ಮೇಲೆ ಬೆಳಕು ಬಲೆಯಂತೆ ಅಲುಗುತ್ತಿತ್ತು. ಬಲೆಯೊಳಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹುಡುಗಿಯ ಮುಖ ಕಂಡಂತಾಯಿತು.

ಆ ವಾರ ವಲಯದ ಸೆಮಿಫೈನಲಿನಲ್ಲಿ ಕೆಂಪಲಗುಂದಿ ಸೋತಿತು. ಬಾಳಕ್ಕ ಒಂದು ತಪ್ಪು ಖೋ ಕೊಟ್ಟಿದ್ದಳು. ಅಬ್ಬಾಸಿಯಾದ ಕೋಣೆಯಲ್ಲಿ ಯಾರೂ ಚಹಾ ಮುಟ್ಟಲಿಲ್ಲ. ಫಕೀರಪ್ಪ ಎದ್ದು ಚಪ್ಪಲಿ ಮೆಟ್ಟಿದ. “ಈ ತಿಂಗಳು ಖಲಾಸ್. ಸೋತವ್ರಿಗೆ ಎಂಥಾ ಪಗಾರ? ಇನ್ ಮ್ಯಾಲೆ ಗೆದ್ರ ಕೊಡೋಣು. ಅದೂ ಚೆಂದ ಆಡಿದಾಕಿಗೆ ಅಷ್ಟ.”

ಮರುದಿನ ಬಾಳಕ್ಕನೇ ಫೋನು ಮಾಡಿದಳು. ಹಿಂದೆ ಎಮ್ಮೆಯ ಗಂಟೆ ಕೇಳುತ್ತಿತ್ತು.

“ಅಕ್ಕಾರ, ರೊಕ್ಕ ಬಂದಿಲ್ಲಂತ ಕೇಳಾಕ ಅಲ್ರಿ. ಒಂದ್ ಮಾತು ಕೇಳಬೇಕಾಗೇತಿ.”

“ಕೇಳವ್ವಾ.”

“ಸಿಟಿ ಕಾಲೇಜಿನವ್ರು ಕರದಾರ. ನಮ್ಮ ಸರ್ ಕುವೈತಿನವ್ರನ್ನ ಒಂದ್ ಮಾತು ಕೇಳು ಅಂದ್ರು. ನೀವು ಕೊಡೋದು ದಾನ ಏನ್ರಿ, ಪಗಾರ ಏನ್ರಿ? ಪಗಾರ ಆದ್ರ ನಾ ಆಡಿದ್ದಕ್ಕ ಬರ್ತೈತಿ, ಸೋತ್ರೂ ಬೆವರು ಅಷ್ಟ ಹರೀತೈತಿ. ದಾನ ಆದ್ರ... ಬ್ಯಾನರ್ ಹಿಡಿಯೋದು ಬ್ಯಾರೆ ಹುಡುಗ್ಯಾರಿಗೂ ನಾಚಿಕಿ ಆಗ್ತೈತ್ರಿ.”

“ನಿನಗ ಹೋಗಬೇಕು ಅನಸ್ತೈತೇನು?” ಎಂದು ಕಾಂಚನಾ ಕೇಳಿದಳು.

“ಅಲ್ಲಿ ಗಾಳಿ ತುಂಬಿದ ಚಾಪಿ ಮ್ಯಾಲೆ ಕಂಬಕ್ಕ ಹಾರೋ ಡೈವ್ ಕಲಸ್ತಾರಂತ್ರಿ,” ಎಂದಳು ಬಾಳಕ್ಕ. ಅಷ್ಟು ಹೇಳುವಾಗ ಅವಳ ದನಿ ಮೊದಲ ಬಾರಿಗೆ ಮಗುವಿನ ದನಿಯಾಯಿತು.

ಚಳಿಗಾಲದಲ್ಲಿ ಬಳಗದವರು ಜಹ್ರಾದಾಚೆಯ ಮರಳಿಗೆ ಪಿಕ್ನಿಕ್ ಹೋಗುವುದುಂಟು. ಆ ಸಲ ಬೆಳಗಿನ ಮಂಜು ಎಷ್ಟು ದಟ್ಟವಿತ್ತೆಂದರೆ, ಕಾರುಗಳು ಹೆದ್ದಾರಿ ಬಿಟ್ಟಿಳಿದ ಮೇಲೆ ಆಕಾಶ ಎಲ್ಲಿ, ನೆಲ ಎಲ್ಲಿ ತಿಳಿಯದಾಯಿತು. ದೂರದಲ್ಲಿ ಯಾರದೋ ಒಂಟೆಗಳು ಕಾಲಿಲ್ಲದೆ ತೇಲಿಹೋದವು. ಚಾಪೆ ಹಾಸಿ, ಚಹಾ ಕುದಿಸಿ, ರೊಟ್ಟಿ ಶೇಂಗಾಚಟ್ನಿ ಬಿಚ್ಚಿದಾಗ ಕಾಂಚನಾ ಮಾತೆತ್ತಿದಳು.

“ಕಾಕಾ, ಹುಡುಗ್ಯಾರ ಪಗಾರದ ಬಗ್ಗೆ ಒಂದ್ ಮಾತು. ಇಡೀ ವರ್ಷದ್ದು ಮೊದಲ ಮಾತಾಡಿ, ಎಲ್ಲಾರಿಗೂ ಸಮ ಕೊಡೋಣು. ಗೆಲ್ಲಲಿ, ಸೋಲಲಿ. ವಿಡಿಯೋ ಬ್ಯಾಡ, ಬ್ಯಾನರ್ ಬ್ಯಾಡ.”

ಫಕೀರಪ್ಪನ ಕೈಯ ರೊಟ್ಟಿ ನಿಂತಿತು. “ನಾ ರೊಕ್ಕ ಕೊಟ್ಟು ಹೆಸರು ತಗೊಂಡೆ ಅಂತೀಯೇನು?”

“ಹಂಗಲ್ಲ ಕಾಕಾ.”

“ನಾ ಕೊಟ್ಟದ್ದು ಪ್ರೀತಿಲೆ. ಆ ಅಂಗಡ್ಯಾಗ ಮುಂಜಾನಿಂದ ನಿಲ್ತೀನಿ. ‘ಕಾಕಾ ಚೊಲೋ ಅದೀರೇನ್ರಿ’ ಅಂತ ಕೇಳೋರು ಯಾರದಾರ ಇಲ್ಲಿ? ಆ ಹುಡುಗಿ ನನ್ನ ಹೆಸರು ಹೇಳಿದ ದಿನ ಊರಾಗ ಅದೀನಿ ಅನಸ್ತೈತಿ. ಪ್ರೀತಿಗೆ ಒಂದ್ ಮಾತು ತಿರುಗಿ ಬರಬಾರ್ದೇನು?”

ಕಾಂಚನಾ ಅವನ ಮುಂದೆ ಚಹಾದ ಲೋಟ ಸರಿಸಿದಳು.

“ಬರಬೇಕು ಕಾಕಾ. ಆದ್ರ ಕೇಳಿ ತಗೊಂಡ್ರ ಅದು ಪ್ರೀತಿ ಆಗಂಗಿಲ್ಲ. ಆ ಮಾತು ಹೇಳೋದೂ ಹುಡುಗಿಗೆ ಇನ್ನೊಂದ್ ಕೆಲಸ ಆಗ್ತೈತಿ.”

ಫಕೀರಪ್ಪ ಎದ್ದು ಮಂಜಿನೊಳಗೆ ಸ್ವಲ್ಪ ದೂರ ಹೋಗಿ ಬೆನ್ನು ಮಾಡಿ ನಿಂತ. ಸಂಜೀವ ಎದ್ದು, ಕಂಬಗಳ ಬದಲಿಗೆ ಡೇರೆಯ ಎರಡು ಕೋಲು ತಂದು ಮರಳಲ್ಲಿ ನೆಟ್ಟ. “ಏಳ್ರಿ ಎಲ್ಲಾರೂ. ಆಟದ ಬಗ್ಗೆ ಇಷ್ಟ್ ಮಾತಾಡ್ತೀವಿ, ಒಮ್ಮೆಯಾದ್ರೂ ಆಡೋಣು.”

ಗಂಡಸರು, ಹೆಂಗಸರು, ಮಕ್ಕಳು ನಗುತ್ತ ಸಾಲಾಗಿ ಕುಕ್ಕರಗಾಲಲ್ಲಿ ಕೂತರು. ಕಾಂಚನಾ ಸೀರೆಯ ಸೆರಗು ಸಿಕ್ಕಿಸಿ ನಡುವೆ ಕೂತಳು. ಮಂಜಿನಲ್ಲಿ ಸಾಲಿನ ಎರಡು ತುದಿ ಕಾಣುತ್ತಿರಲಿಲ್ಲ. ಓಡುವವರ ಸಪ್ಪಳವನ್ನು ಮರಳು ನುಂಗಿಕೊಳ್ಳುತ್ತಿತ್ತು. ಯಾರೋ ಬರುತ್ತಾರೆ, ಹೋಗುತ್ತಾರೆ, ನಗು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. ತಾನು ಮಲಗಿದ್ದೇನೋ ಎಚ್ಚರವಿದ್ದೇನೋ ಎಂದು ಅವಳು ಅನುಮಾನಿಸುವಷ್ಟರಲ್ಲಿ ಬೆನ್ನಿಗೆ ಒಂದು ಭಾರವಾದ ಅಂಗೈ ಬಿತ್ತು.

“ಖೋ!”

ಫಕೀರಪ್ಪ. ಯಾವಾಗ ಬಂದು ಆಟಕ್ಕೆ ಸೇರಿದ್ದನೋ.

ಅವಳು ಎದ್ದು ಓಡಿದಳು. ಮಂಜು ಮುಖಕ್ಕೆ ತಣ್ಣಗೆ ಬಡಿಯಿತು. ಮುಂದೆ ಓಡುತ್ತಿದ್ದ ಆಕೃತಿ ಮಗಳು ಶೀತಲ್ ಎಂದು ತಿಳಿಯುವ ಮೊದಲೇ ಅವಳ ದೇಹ ಕೋಲಿನ ಬಳಿ ತಾನಾಗಿಯೇ ಚಾಚಿಕೊಂಡಿತು. ಒಂದು ಕ್ಷಣ ಕೆಳಗೆ ಏನೂ ಇರಲಿಲ್ಲ. ಬೆರಳ ತುದಿಗೆ ಮಗಳ ಹಿಮ್ಮಡಿ ತಾಗಿತು. ಆಮೇಲೆ ಬಾಯಿ ತುಂಬ ಮರಳು.

ಶೀತಲ್ ಓಡಿ ಬಂದು ತಾಯಿಯನ್ನು ಎಬ್ಬಿಸಿದಳು. “ಮಮ್ಮಿ! ಯು ವರ್ ಫ್ಲೈಯಿಂಗ್!”

“ನಿನ್ನ ಹಿಡದೆ ಹೌದಿಲ್ಲೋ?”

“ಯೆಸ್, ಬಟ್ ಯುವರ್ ನೀ ಈಸ್ ಬ್ಲೀಡಿಂಗ್.”

ಆಚೆ ಫಕೀರಪ್ಪ ಮರಳ ಮೇಲೆ ಕಾಲು ಚಾಚಿ ಕೂತು ಏದುಸಿರು ಬಿಡುತ್ತಿದ್ದ. ಕಾಂಚನಾಳ ಮೊಣಕಾಲನ್ನು ಬಹಳ ಹೊತ್ತು ನೋಡಿದ. “ನಾಕ್ ಹೆಜ್ಜಿ ಓಡೀನಿ, ಜೀವ ಹೋತು ನಂದು,” ಎಂದ. ಹಿಂದಿರುಗುವ ದಾರಿಯಲ್ಲಿ ಅವನ ಕಾರು ಎಲ್ಲರಿಗಿಂತ ಮೊದಲು ಮಂಜಿನಲ್ಲಿ ಮರೆಯಾಯಿತು.

ಮುಂದಿನ ಶುಕ್ರವಾರಗಳಲ್ಲಿ ಅವನು ಬರಲಿಲ್ಲ, ಹಣವನ್ನೂ ಕಳಿಸಲಿಲ್ಲ. ಉಳಿದವರು ಕಾಂಚನಾ ಹೇಳಿದ ಹಾಗೆಯೇ ವರ್ಷಕ್ಕೆ ಒಪ್ಪಂದ ಮಾಡಿದರು. ಪಗಾರ ಮೊದಲಿಗಿಂತ ಸಣ್ಣದಾಯಿತು, ಆದರೆ ಸೋತ ತಿಂಗಳದ್ದೂ ಸೇರಿ ಎಲ್ಲ ಹುಡುಗಿಯರಿಗೂ ಸಮನಾಗಿ ಮುಟ್ಟಿತು. ಕೊನೆಗೆ ಒಂದು ದಿನ ದೈಹಿಕ ಶಿಕ್ಷಕರು ಫೋನು ಮಾಡಿ, ಯಾರೋ ಹೆಸರು ಹೇಳದವರು ಕಾಲೇಜಿಗೆ ಡೈವ್ ಕಲಿಯುವ ಚಾಪೆ ಕಳಿಸಿದ್ದಾರೆ, ನಿಮಗೇನಾದರೂ ಗೊತ್ತೇ ಎಂದು ಕೇಳಿದರು. ಬಾಳಕ್ಕನ ಚಾಪೆಯ ಆಸೆಯನ್ನು ಕಾಂಚನಾ ಗಂಡನಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ. ಸಂಜೀವನ ಕಡೆ ತಿರುಗಿದಳು. ಅವನು, “ಕಾಕಾನ ಅಂಗಡಿಗೆ ಅಕ್ಕಿ ತರಾಕ ಹೋಗಿದ್ದೆ, ಮಾತಿಗೆ ಮಾತು ಬಂತು,” ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡ.

ಚಾಪೆ ಬಂದರೂ ಬಾಳಕ್ಕ ಉಳಿಯಲಿಲ್ಲ. ಉಳಿಯೆಂದು ಕಾಂಚನಾ ಕೇಳಲೂ ಇಲ್ಲ. “ನಮ್ಮ ಪಗಾರ ತಗೊಂಡಿದ್ದಕ್ಕ ಆಡಿದಿ. ಲೆಕ್ಕ ಚುಕ್ತಾ ಆಗೇತಿ. ಇನ್ನ ನಿನಗ ಚೊಲೋ ಅನಸಿದ ಕಡೆ ಹೋಗವ್ವಾ,” ಎಂದಳು. ಆ ಕಡೆ ಬಾಳಕ್ಕ ಅತ್ತಳೋ, ನೆಟ್‌ವರ್ಕ್ ಕಡಿಯಿತೋ, ತಿಳಿಯಲಿಲ್ಲ.

ಮರುವರ್ಷ ಕೆಂಪಲಗುಂದಿಯೂ ಸಿಟಿ ಕಾಲೇಜೂ ಎದುರುಬದುರಾದವು. ಅಂದು ಫಕೀರಪ್ಪನೂ ಬಂದು ಕೋಣೆಯ ಮೂಲೆಯಲ್ಲಿ ಕೂತಿದ್ದ. ಹೊರಗೆ ದೂಳುಗಾಳಿ ಎದ್ದು ಕಿಟಕಿಗಳೆಲ್ಲ ಕಿತ್ತಳೆ ಬಣ್ಣವಾಗಿದ್ದವು. ಕೋಣೆಯೊಳಗಿನ ಮುಖಗಳೂ ಅದೇ ಬಣ್ಣ. ಹೊಸ ಅಂಗಿ ತೊಟ್ಟ ಬಾಳಕ್ಕ ಕೆಂಪಲಗುಂದಿಯ ಹುಡುಗಿಯರನ್ನು ಬೆನ್ನಟ್ಟಿದಾಗ ಯಾರ ಪರ ಕೂಗಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಕೆಂಪಲಗುಂದಿಯ ಒಬ್ಬ ಕಿರಿಯಳು ಅವಳ ಕೈಗೆ ಸಿಗದೆ ಬಳುಕಿ ತಪ್ಪಿಸಿಕೊಂಡಾಗ ಕೋಣೆ ಒಡೆಯುವಂತೆ ಕೂಗಿತು. ಮರುಗಳಿಗೆಯಲ್ಲಿ ಬಾಳಕ್ಕ ಕಂಬದ ಬಳಿ ಚಾಚಿ ಹಾರಿ ಅವಳನ್ನು ಮುಟ್ಟಿದಳು. ಆಗ ಮೂಲೆಯಿಂದ ಒಂದೇ ಒಂದು ದನಿ ಬಂತು.

“ಭಲೇ ಮಗಳೇ!”

ಎಲ್ಲರೂ ತಿರುಗಿ ನೋಡಿದರು. ಫಕೀರಪ್ಪ ನಾಚಿ, ಕೈಯಲ್ಲಿದ್ದ ಶೇಂಗಾ ಬಾಯಿಗೆ ಹಾಕಿಕೊಂಡ. ಕೆಂಪಲಗುಂದಿ ಸೋತಿತು, ಬಹಳ ಕಡಿಮೆ ಅಂತರದಿಂದ.

ಸಂಜೆ ಬಾಳಕ್ಕ ಫೋನು ಮಾಡಿದಳು. ಆಟದ ಮಾತು, ಹಾಸ್ಟೆಲಿನ ಸಪ್ಪೆ ಸಾರಿನ ಮಾತು, ತಪ್ಪಿಸಿಕೊಂಡ ಕಿರಿಯಳ ಮಾತು. “ಆಕಿಗೆ ನಾನ ಕಲಸೀನ್ರಿ ಅದನ್ನ,” ಎಂದು ಬೈದಂತೆ ಹೇಳಿದಳು. ಆಮೇಲೆ ಕೇಳಿದಳು:

“ಫಕೀರಪ್ಪ ಕಾಕಾರು ಚೊಲೋ ಅದಾರೇನ್ರಿ?”

ಕಾಂಚನಾ ಫೋನನ್ನು ಕಿವಿಯಿಂದ ತೆಗೆದಳು. ದೂಳು ಇಳಿಯಲಿ ಎಂದು ಕಾಯುತ್ತ ಬಾಗಿಲ ಬಳಿ ಕೂತಿದ್ದ ಫಕೀರಪ್ಪನ ಕಡೆ ನಡೆದು ಹೋಗಿ, ಅದನ್ನು ಅವನ ಕೈಗೆ ಕೊಟ್ಟಳು.

“ನಿಮಗ ಫೋನ್ ಬಂದೈತಿ ಕಾಕಾ,” ಎಂದಳು.