ಒಂದೇ ಟಿಕೆಟ್ಟು, ಎರಡು ಅಳತೆ

ಒಂದೇ ಅಂಗಡಿಯಲ್ಲಿ ಎದುರುಬದುರು ಕೂತ ಅಣ್ಣ ತಮ್ಮ ಮಾತು ಬಿಟ್ಟರೆ ನಡುವೆ ಸಿಕ್ಕವರ ಪಾಡೇನು ಎಂಬುದು ಕಾಜಾ ಅತ್ತಿಗೆಗೆ ಆ ವಾರ ಚೆನ್ನಾಗಿ ತಿಳಿಯಿತು. "ಕಾಲರಿಗೆ ಇಷ್ಟು ಬಟ್ಟೆ ಸಾಕಾ ಅಂತ ಕೇಳು" ಎಂದು ಕತ್ತರಿ ಹಿಡಿದ ಗಂಡ ಹೇಳುವರು. "ಸಾಕು ಅಂತ ಹೇಳಿ ಅತ್ತಿಗೆ" ಎಂದು ಮೂರು ಮೊಳ ದೂರದಲ್ಲಿ ಮಿಷನ್ ತುಳಿಯುತ್ತಿದ್ದ ಮೈದುನ ಹೇಳುವನು. ಇಬ್ಬರ ಕಿವಿಯೂ ನೆಟ್ಟಗಿತ್ತು. ಆದರೂ ಮಾತು ಮಾತ್ರ ಅತ್ತಿಗೆಯ ಬಾಯಿಯನ್ನು ಒಂದು ಸುತ್ತು ಹಾಕಿಯೇ ಹೋಗಬೇಕು.

ಗುಂಡಿಗೆ ಕಾಜಾ ಹೊಲಿಯುವುದು ಅವಳ ಕೆಲಸ. ಮೈದುನ ಅತ್ತಿಗೆ ಎನ್ನುತ್ತಿದ್ದದ್ದನ್ನು ಕೇಳಿ ಕೇಳಿ ಬೀದಿಗೆಲ್ಲ ಅವಳು ಕಾಜಾ ಅತ್ತಿಗೆ ಆಗಿದ್ದಳು. ಬಟ್ಟೆ ಕತ್ತರಿಸುವ ಅವಳ ಗಂಡ ಎಲ್ಲರಿಗೂ ಮಾಸ್ಟರು. ಊರಿನ ಹರಕನ್ನೆಲ್ಲ ಹೊಲಿದು ಕೊಡುವವರ ಮನೆಯಲ್ಲೇ ಹೀಗೆ ಹರಿದುಕೊಂಡದ್ದಕ್ಕೆ ಕಾರಣ ಆಸ್ತಿಯಲ್ಲ, ಹೆಣ್ಣು ಗಂಡಿನ ಸಂಬಂಧವಲ್ಲ. ಬಸ್ಸಿನ ಟಿಕೆಟ್ ದರ. ಸರಿಯಾಗಿ ಹೇಳಬೇಕೆಂದರೆ, ಟಿಕೆಟ್ ದರದ ಬಗ್ಗೆ ಒಂದು ವಾರಪತ್ರಿಕೆ ಬರೆದದ್ದು.

ಆ ಅಂಗಡಿಯಲ್ಲಿ ವಾರಕ್ಕೊಂದು ಮಧ್ಯಾಹ್ನ ಮಿಷನ್‌ಗಳಿಗೆ ಎಣ್ಣೆ ಬಿಡುವ ರೂಢಿ. ಎಣ್ಣೆ ಇಳಿದು ಆರುವ ತನಕ ಬಟ್ಟೆ ಮುಟ್ಟುವಂತಿಲ್ಲ. ಮೈದುನನ ಕೈ ಜಿಡ್ಡು, ಕತ್ತರಿಯ ತಿರುಪಿಗೆ ಎಣ್ಣೆ ಬಿಟ್ಟ ಮಾಸ್ಟರ ಕೈಯೂ ಜಿಡ್ಡು. ಬರಿಯ ಸೂಜಿಯ ಕೆಲಸ ಮಾಡುವ ಅತ್ತಿಗೆಯ ಕೈ ಮಾತ್ರ ಚೊಕ್ಕ. ಹಾಗಾಗಿ ಮಾಸ್ಟರು ತರಿಸುತ್ತಿದ್ದ ವಾರಪತ್ರಿಕೆಯನ್ನು ಗಟ್ಟಿಯಾಗಿ ಓದುವ ಪಾಲು ಅವಳದು. ಅವಳು ಸುಮ್ಮನೆ ಓದುವವಳಲ್ಲ. ಬಾಚಣಿಗೆ ಗುರುತಿನ ಪಕ್ಷದ ಮಂತ್ರಿ ಮಾತಾಡಿದನೆಂದರೆ ಎದೆಯುಬ್ಬಿಸಿ ನಗಾರಿಯ ದನಿ ತೆಗೆಯುವಳು. ಜರಡಿ ಪಕ್ಷದ ನಾಯಕ ಬಾಯಿ ತೆರೆದನೆಂದರೆ ಮೂಗು ಹಿಡಿದು, ನೆಗಡಿಯಾದ ಮೇಕೆಯ ದನಿ. ಪಕ್ಕದ ಚಪ್ಪಲಿ ಅಂಗಡಿಯವರು ವ್ಯಾಪಾರ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಮಾಸ್ಟರು ಬಾಚಣಿಗೆಯವರು, ತಲೆಯಲ್ಲಿ ಕೂದಲಿಲ್ಲದಿದ್ದರೂ. ಮೈದುನ ಜರಡಿಯವನು. ಬಾಚಣಿಗೆ ಸರ್ಕಾರ ಬಸ್ ದರ ಏರಿಸಿತು, ವಾರಪತ್ರಿಕೆ ಅದನ್ನು ಹೊಗಳಿತು. ಇದು ಪತ್ರಿಕೆಯಲ್ಲ, ತುತ್ತೂರಿ ಎಂದ ಮೈದುನ. ಹಾಗಾದರೆ ಇದರಲ್ಲಿ ಒಂದು ಸುಳ್ಳು ತೋರಿಸು, ನಿನ್ನ ಮೊಬೈಲಿನ ಚಾನೆಲ್ಲಿಗಿಂತ ಇದು ಸಾವಿರ ಪಾಲು ಮೇಲು ಎಂದರು ಮಾಸ್ಟರು. ಮಾತಿಗೆ ಮಾತು ಬೆಳೆದು, ತನ್ನ ಮಿಷನ್ ಎತ್ತಿಕೊಂಡು ಹಿಂದಿನ ಬೀದಿಗೆ ಹೋಗುತ್ತೇನೆಂದು ಮೈದುನ ಹೇಳಿಬಿಟ್ಟ. ಮುಂದಿನ ಎಣ್ಣೆ ದಿನಕ್ಕೆ ಕೈಗಾಡಿಯವನನ್ನೂ ಗೊತ್ತುಮಾಡಿ ಬಂದ.

ಮಾಸ್ಟರಿಗೆ ಕಾಲರ್ ಕೂರಿಸಲು ಬಾರದು. ಮೈದುನನಿಗೆ ಕತ್ತರಿ ಹಿಡಿಯಲು ಬಾರದು. ಮಿಷನ್ ಹೋದರೆ ಅಂಗಡಿ ಅರ್ಧವಾಗುವುದಿಲ್ಲ, ಎರಡೂ ಕಡೆ ಸೊನ್ನೆಯಾಗುತ್ತದೆ. ಇದು ಅತ್ತಿಗೆಗೆ ಗೊತ್ತಿತ್ತು. ಆ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಹಟ ಬಿಡದಿರುವುದಕ್ಕೇ ಅಲ್ಲವೇ ಹಟ ಎನ್ನುವುದು.

ಎರಡು ದಿನ ಕಳೆದು ಸಂಜೆ ಹೊತ್ತು ಲೈಬ್ರರಿ ಮೇಡಂ ಬಂದರು. ಅವರೂ ಅತ್ತಿಗೆಯೂ ಶಾಲೆಯಲ್ಲಿ ಒಂದೇ ಬೆಂಚು. ಈಗ ಸಾರ್ವಜನಿಕ ಗ್ರಂಥಾಲಯದಲ್ಲಿ ಪತ್ರಿಕೆಗಳ ವಿಭಾಗ ನೋಡಿಕೊಳ್ಳುತ್ತಾರೆ. ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವರು ಒಳಗೆ ಕಾಲಿಟ್ಟವರೇ, "ಏನೇ ಇದು, ಅಂಗಡಿ ಪರೀಕ್ಷಾ ಕೊಠಡಿ ಥರ ಇದೆ" ಎಂದರು. ಅತ್ತಿಗೆ ಇಬ್ಬರ ದನಿಯನ್ನೂ ತೆಗೆದು ಇಡೀ ಜಗಳವನ್ನು ಆಡಿ ತೋರಿಸಿದಳು. ಇಬ್ಬರೂ ಅಲ್ಲೇ ಇದ್ದರು, ಕೇಳದವರಂತೆ.

ಮೇಡಂ ಆ ಲೇಖನವನ್ನು ಮತ್ತೆ ಓದಲು ಹೇಳಿದರು. ಒಂದೇ ಷರತ್ತು: ಬಾಚಣಿಗೆ ಎಂದು ಇರುವಲ್ಲೆಲ್ಲ ಜರಡಿ ಎನ್ನಬೇಕು. ಬೇರೆ ಒಂದಕ್ಷರ ಮುಟ್ಟಬಾರದು.

ಅತ್ತಿಗೆ ಓದಿದಳು. "ಜರಡಿ ಪಕ್ಷದ ಮಂತ್ರಿಗಳು ಎದೆಗಾರಿಕೆಯಿಂದ ದರ ಪರಿಷ್ಕರಿಸಿದ್ದಾರೆ..."

"ಎದೆಗಾರಿಕೆಯಂತೆ," ಎಂದು ಮಾಸ್ಟರು ಗೊಣಗಿದರು. "ಬಡವರ ಜೇಬಿಗೆ ಕೈ ಹಾಕೋದಕ್ಕೆ ಎಂಥ ಎದೆಗಾರಿಕೆ ಬೇಕು?"

ತಾವು ಹೇಳಿದ್ದು ಮಾಸ್ಟರಿಗೇ ಕೇಳಿಸಿತು. ಮೈದುನ ಬಾಬಿನ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿ ನಕ್ಕ. ಅತ್ತಿಗೆಗೆ ಮಾತ್ರ ನಗು ಬರಲಿಲ್ಲ. ಅದೇ ಮಾತುಗಳು, ಅದೇ ಕಾಗದ. ಜರಡಿ ಎಂದ ಕೂಡಲೇ ತನ್ನ ಗಂಟಲು ತಾನಾಗಿ ಮೇಕೆಯ ದನಿಗೆ ಹೊರಳಿತ್ತು. ಮೂಗು ಹಿಡಿದದ್ದು ಯಾವಾಗ ಎಂದೂ ಅವಳಿಗೆ ತಿಳಿದಿರಲಿಲ್ಲ.

ಮಾಸ್ಟರು ಸೋಲಲಿಲ್ಲ. "ಹೆಸರು ಬದಲಿಸಿದ್ರೆ ಯಾವುದೂ ಹಾಗೇ ಕೇಳ್ಸುತ್ತೆ. ಸುಳ್ಳು ಎಲ್ಲಿದೆ ಹೇಳಿ ಮೇಡಂ."

"ಸುಳ್ಳಿದೆ ಅಂತ ನಾನು ಎಲ್ಲಂದೆ ಮಾಸ್ಟರೇ? ನಿಮ್ಮ ಬಟ್ಟೆಯಲ್ಲೂ ಸುಳ್ಳಿರಲ್ಲ. ಎಲ್ಲಿ ಕತ್ತರಿಸ್ತೀರ, ಯಾವ ಚೂರು ಕೆಳಗೆ ಬಿಡ್ತೀರ, ಅದರ ಮೇಲೆ ತಾನೇ ಅಂಗಿಯೋ ಚಡ್ಡಿಯೋ ಆಗೋದು?"

ಜರಡಿಯವರ ಕಾಲದಲ್ಲೂ ಬಸ್ ದರ ಏರಿತ್ತಲ್ಲ, ಆಗ ಇದೇ ಪತ್ರಿಕೆ ಏನು ಬರೆದಿತ್ತು ಎಂದು ಮೇಡಂ ಕೇಳಿದರು. ಮಾಸ್ಟರು ತಲೆ ಕೆರೆದುಕೊಂಡರು. ಓದಿ ಮುಗಿದ ಸಂಚಿಕೆ ಆ ಅಂಗಡಿಯಲ್ಲಿ ಉಳಿಯುವುದು ಒಂದೇ ರೂಪದಲ್ಲಿ: ಗಿರಾಕಿಗಳ ಅಳತೆಗೆ ಕತ್ತರಿಸಿದ ಕಾಗದದ ಮಾದರಿಯಾಗಿ. ಅವರು ಗೋಡೆಯ ಮೊಳೆಗೆ ನೇತುಹಾಕಿದ್ದ ಕಟ್ಟು ಇಳಿಸಿ, ಕಾಲರು, ಬೆನ್ನು, ತೋಳು ಎಂದು ಒಂದೊಂದಾಗಿ ತಿರುಗಿಸಿ ನೋಡಿದರು. ಬೇಕಾದ ಪುಟ ಒಬ್ಬ ದಢೂತಿ ಗಿರಾಕಿಯ ತೋಳಿನ ಮೇಲೆ ಸಿಕ್ಕಿತು. ಸಣಕಲನ ತೋಳಾಗಿದ್ದರೆ ಅರ್ಧ ಸುದ್ದಿ ಕಸದ ಪಾಲಾಗಿರುತ್ತಿತ್ತು.

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿದರು. ಆಗಿನ ತಲೆಬರಹ, "ಬಡ ಪ್ರಯಾಣಿಕನಿಗೆ ಬರೆ". ಈಗಿನದು, "ಸಾರಿಗೆಗೆ ಹೊಸ ಉಸಿರು". ಆಗಿನ ಮಂತ್ರಿ "ಸಮರ್ಥಿಸಿಕೊಳ್ಳಲು ಹೆಣಗಿದರು", ಈಗಿನವರು "ಮನವರಿಕೆ ಮಾಡಿಕೊಟ್ಟರು". ಆಗ ಮಾತಾಡಿಸಿದ್ದೆಲ್ಲ ಬಸ್ಸಿಗೆ ಕಾಯುತ್ತಿದ್ದ ಜನರನ್ನು, ಅಧಿಕಾರಿ ಒಬ್ಬನೂ ಇಲ್ಲ. ಈಗ ಎಲ್ಲರೂ ಅಧಿಕಾರಿಗಳೇ, ಬಸ್ಸು ಹತ್ತುವವನು ಒಬ್ಬನೂ ಇಲ್ಲ. ಫೋಟೊ ನೋಡಿದರೆ, ಆಗಿನವರು ಆಕಳಿಸುವಾಗ ಹಿಡಿದದ್ದು, ಈಗಿನವರು ಮಗು ಎತ್ತಿಕೊಂಡದ್ದು.

ಮಾಸ್ಟರು ಎರಡೂ ತಲೆಬರಹಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ಎರಡು ಸಲವೂ ಏರಿದ್ದು ಅದೇ ಟಿಕೆಟ್ಟು" ಎಂದರು, ಯಾರಿಗೂ ಅಲ್ಲ ಎಂಬಂತೆ.

ಈಗ ಮೈದುನ ಮೀಸೆ ತಿರುವಿದ. ಮೇಡಂ ಅವನ ಕಡೆ ತಿರುಗಿ ಮೊಬೈಲು ಕೇಳಿದರು. ಅವನು ನಂಬುವ ಚಾನೆಲ್ಲು ಈ ಸಲದ ಏರಿಕೆಯನ್ನು "ಹಗಲು ದರೋಡೆ" ಎಂದು ಕೂಗಿತ್ತು. ಜರಡಿಯವರ ಕಾಲದ ಏರಿಕೆಯ ಬಗ್ಗೆ ಹುಡುಕಿ ಹುಡುಕಿ ಬೆರಳು ಸೋತಿತೇ ಹೊರತು ಒಂದು ತುಣುಕೂ ಸಿಗಲಿಲ್ಲ. "ಬಾಗಿಸಿ ಹೇಳೋದು ಒಂದು ಥರ ಕಣಪ್ಪ, ಹೇಳದೇ ಇರೋದು ಇನ್ನೊಂದು ಥರ" ಎಂದರು ಮೇಡಂ. ಮೈದುನ ಮೀಸೆಯಿಂದ ಕೈ ಇಳಿಸಿದ.

ಹೋಗುವ ಮುಂಚೆ ಅವರು ಇನ್ನೂ ಎರಡು ಮಾತು ಹೇಳಿದರು. ಸಂಪಾದಕರು ಇದು ನನ್ನ ಅಭಿಪ್ರಾಯ ಎಂದು ಹೇಳಿಕೊಂಡು ಬರೆದರೆ ಅದು ಮೋಸವಲ್ಲ, ಅಭಿಪ್ರಾಯಕ್ಕೆ ಸುದ್ದಿಯ ಅಂಗಿ ತೊಡಿಸಿದಾಗ ಎಚ್ಚರ ಬೇಕು. ಮತ್ತೆ, ಒಂದೇ ಲೇಖನ ಹಿಡಿದು ಪತ್ರಿಕೆಯ ಜಾತಕ ಬರೆಯಬಾರದು. ಬೇರೆ ಬೇರೆ ವಿಷಯ, ಬೇರೆ ಬೇರೆ ವಾರ ನೋಡಬೇಕು. ಹಳೆಯ ಸಂಚಿಕೆಗಳು ಇಡಿಯಾಗಿ ಬೇಕಾದರೆ ಗ್ರಂಥಾಲಯಕ್ಕೆ ಬನ್ನಿ, ಅಲ್ಲಿ ಯಾರೂ ತೋಳು ಕತ್ತರಿಸಿಲ್ಲ ಎಂದರು.

ಮರುದಿನ ಮಾಸ್ಟರು ಹೇಳದೆ ಕೇಳದೆ ಹೋಗಿ ಒಂದು ಹೊರೆ ಸಂಚಿಕೆಯನ್ನು ಎರವಲು ತಂದರು. ಪುಟ ಬಿಡಿಸಿ, ಕುತ್ತಿಗೆಯ ಟೇಪು ತೆಗೆದು, ಯಾವ ಪಕ್ಷದ ಮಾತಿಗೆ ಎಷ್ಟು ಜಾಗ ಕೊಟ್ಟಿದ್ದಾರೆಂದು ಅಳೆಯತೊಡಗಿದರು. ಕೆಲವು ಕಡೆ ಬಾಚಣಿಗೆಗೆ ಗೇಣುದ್ದ, ಜರಡಿಗೆ ಬೆರಳುದ್ದ. ಆಸ್ಪತ್ರೆಯ ಸುದ್ದಿಯಲ್ಲಿ ಮಾತ್ರ ಪತ್ರಿಕೆ ಎರಡೂ ಪಕ್ಷದವರನ್ನು ಸಮನಾಗಿ ಕೇಳಿ, ಇಬ್ಬರ ತಪ್ಪನ್ನೂ ಎತ್ತಿ ಆಡಿತ್ತು. ಅದನ್ನು ನೋಡಿದ ಮೈದುನನಿಗೆ ಸುಮ್ಮನಿರಲು ಆಗಲಿಲ್ಲ. "ಇದನ್ನ ಮಾತ್ರ ಸರಿಯಾಗಿ ಬರೆದಿದಾರೆ ಅಂತ ಅಣ್ಣಂಗೆ ಹೇಳಿ ಅತ್ತಿಗೆ" ಎಂದ. ಅತ್ತಿಗೆ ಬಾಯಲ್ಲಿ ದಾರ ಕಚ್ಚಿಕೊಂಡಿದ್ದಳು. ಬಿಡಲಿಲ್ಲ. ಅವನು ಕಾದು, ಕೊನೆಗೆ ಅಣ್ಣನ ಮುಖಕ್ಕೇ ಹೇಳಿದ.

ಎಣ್ಣೆ ದಿನ, ಇನ್ನೂ ಎಣ್ಣೆ ಬಿಡುವ ಮೊದಲೇ ಕೈಗಾಡಿಯವನು ಬಂದಾಗ ಅಣ್ಣ ತಮ್ಮ ಇಬ್ಬರೂ ಒಂದೇ ಪುಟದ ಮೇಲೆ ಬಗ್ಗಿದ್ದರು. ಫೋಟೊದ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು ಅವರ ಹೊಸ ಜಗಳ. ಗಾಡಿಯವನು ಎರಡು ಸಲ ಕೆಮ್ಮಿ, ಯಾವ ಮಿಷನ್ ಎತ್ತಬೇಕು ಎಂದು ಕೇಳಿದ.

"ಟೇಪು ಸಡಿಲ ಬಿಡಬೇಡ, ಗಟ್ಟಿಯಾಗಿ ಹಿಡ್ಕೋ," ಎಂದರು ಮಾಸ್ಟರು ತಮ್ಮನಿಗೆ.

ಟೇಪಿನ ತುದಿ ಹಿಡಿದ ಮೈದುನ ತಲೆಯೆತ್ತದೆ ಗಾಡಿಯವನಿಗೆ, "ಏನೂ ಎತ್ತೋದಿಲ್ಲ, ಹೋಗಣ್ಣ" ಎಂದ.

ಅವರು ಈಗಲೂ ಬೇರೆ ಬೇರೆ ಪಕ್ಷಕ್ಕೇ ಮತ ಹಾಕುತ್ತಾರೆ. ವಾರಪತ್ರಿಕೆಯೂ ಬರುತ್ತದೆ, ಎದುರು ಪಾಳಯದ್ದೂ ಒಂದು ಬರುತ್ತದೆ. ಅತ್ತಿಗೆ ಈಗ ಎಲ್ಲವನ್ನೂ ಒಂದೇ ದನಿಯಲ್ಲಿ ಓದುತ್ತಾಳೆ. ಸಪ್ಪೆಯಾಯಿತು ಎಂದು ಚಪ್ಪಲಿ ಅಂಗಡಿಯವರು ದೂರಿದಾಗ, ಒಗ್ಗರಣೆ ಅವರವರ ಮನೆಯಲ್ಲಿ ಹಾಕಿಕೊಳ್ಳಲಿ ಎಂದಳು.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಗೆ ಬರುವ ಪತ್ರಿಕೆಯನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಈ ವಾರ ಅದರಲ್ಲಿ ಒಂದು ರಾಜಕೀಯ ಸುದ್ದಿ ಆರಿಸಿ. ಪಕ್ಷದ ಹೆಸರು ಬದಲಿಸಿ ಗಟ್ಟಿಯಾಗಿ ಓದಿ. ಯಾರನ್ನು ಮಾತಾಡಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ನೋಡಿ. ಅದೇ ಸಂಗತಿಯನ್ನು ಇನ್ನೊಂದು ಪತ್ರಿಕೆ ಹೇಗೆ ಹೇಳಿದೆ, ಇದೇ ಪತ್ರಿಕೆ ಹಿಂದೆ ಹೇಗೆ ಹೇಳಿತ್ತು ಎಂದು ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಮತ ಹಾಕಿ, ಬೇಕಾದರೆ ಜಗಳವನ್ನೂ ಆಡಿ. ಆದರೆ ಪರೀಕ್ಷೆಯನ್ನು ನಿಮ್ಮ ಮನಸ್ಸಿಗೆ ಒಪ್ಪಿದ ಸುದ್ದಿಯಿಂದಲೇ ಶುರುಮಾಡಿ. ಒಪ್ಪದ ಸುದ್ದಿಯನ್ನು ಅನುಮಾನಿಸಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.