ಬಾಗಿಲು ಕಿತ್ತ ಸಾಲು

"ನಿಮ್ಮತ್ತೆ ಮೈ ಒರೆಸೋದನ್ನ ಯಾರು ನೋಡಕ್ಕೆ ಬರ್ತಾರೆ, ಬಿಡೇ! ಬಾಗಿಲು ಇಲ್ದಿದ್ರೆ ಒಳ್ಳೇದೇ. ಗಾಳಿ ಆಡುತ್ತೆ, ನಿಮ್ಮ ನಾತ ಹೋಗುತ್ತೆ."

ಮಾಲೀಕ ಮೂಗಿಗೆ ಕರವಸ್ತ್ರ ಹಿಡಿದ. ಬಡಗಿ ಕೊನೆಯ ಸ್ಕ್ರೂ ಬಿಚ್ಚಿದ. ಬಾಗಿಲು ಒಮ್ಮೆ ಓಲಾಡಿ ಅವನ ಹೆಗಲಿಗೆ ಬಂತು. ಒಳಗೆ ಚಾಪೆಯ ಮೇಲಿದ್ದ ಮುದುಕಿಯ ಮುಖಕ್ಕೆ ಬೀದಿಯ ಬಿಸಿಲು ನೇರವಾಗಿ ಬಡಿಯಿತು. ಆಕೆಗೆ ಆಡುತ್ತಿದ್ದದ್ದು ಒಂದೇ ಕೈ. ಅದರಿಂದಲೇ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು.

"ವಾಪಸ್ ಯಾವಾಗ ಹಾಕ್ತೀರಿ?" ಸಣ್ಣಕ್ಕ ಕೇಳಿದಳು.

"ರಿಪೇರಿ ಆದ್ಮೇಲೆ. ಗೆದ್ದಲು ಹಿಡಿದಿದೆ."

"ತಗಡಿನ ಬಾಗಿಲಿಗೆ ಗೆದ್ದಲಾ?"

"ಓಹೋ! ಕಾಯ್ದೆ ಬಂದಿದ್ದೇ ಬಂದಿದ್ದು, ನಾಲಿಗೇನೂ ಬಂತು ನಿಮಗೆ. ಹ್ಞೂಂ, ತಗಡಿಗೂ ಹಿಡಿಯುತ್ತೆ. ನಿಮ್ಮಂಥೋರು ಇರೋ ಕಡೆ ಎಲ್ಲಕ್ಕೂ ಹಿಡಿಯುತ್ತೆ."

ಬಡಗಿ ತಲೆ ಎತ್ತಲಿಲ್ಲ. ಅವನೂ ಅದೇ ಸಾಲಿನ ಕೊನೆಯ ಕೋಣೆಯಲ್ಲಿ ಬಾಡಿಗೆಗಿದ್ದವನು. ಬೆಳಿಗ್ಗೆಯಿಂದ ಅಕ್ಕಪಕ್ಕದವರ ಬಾಗಿಲುಗಳನ್ನೇ ಬಿಚ್ಚುತ್ತಿದ್ದ.

ಸಣ್ಣಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವವಳು. ರಕ್ತ, ಕೀವು, ವಾಂತಿಯ ಹಾಸಿಗೆ ಬಟ್ಟೆಗಳನ್ನು ಕುದಿಯುವ ನೀರಿಂದ ಎತ್ತಿ ಎತ್ತಿ ಅವಳ ಉಗುರುಗಳು ಬಿಳಿಚಿಕೊಂಡಿದ್ದವು. ಗಂಡ ಸತ್ತ ಮೇಲೂ ಅತ್ತೆ ಇವಳನ್ನು ಬಿಟ್ಟು ಹೋಗಲಿಲ್ಲ. ಇಬ್ಬರೂ ಎಷ್ಟೋ ಕೋಣೆ ಬದಲಾಯಿಸಿದರು. ಖಾಲಿ ಮಾಡಿ ಅಂದಾಗಲೆಲ್ಲ ಅದೇ ಪಾತ್ರೆ, ಅದೇ ಚಾಪೆ, ಅದೇ ಕೈಗಾಡಿ. ಕಾರಣವಿಲ್ಲದೆ ಬಾಡಿಗೆದಾರರನ್ನು ಎಬ್ಬಿಸುವ ಹಾಗಿಲ್ಲ ಎಂದು ಸರ್ಕಾರ ಹೊಸ ಕಾಯ್ದೆ ತಂದ ದಿನ ಅತ್ತೆ, "ಇನ್ನಾದ್ರೂ ಒಂದು ಮೊಳೆ ಹೊಡಿಯೇ" ಅಂದಿದ್ದಳು. ಸಣ್ಣಕ್ಕ ಮೊಳೆ ಹೊಡೆದು, ಚೀಲದಲ್ಲೇ ಕಾಲ ಕಳೆದಿದ್ದ ಕನ್ನಡಿಯನ್ನು ತನ್ನ ಮುಖದ ಎತ್ತರಕ್ಕೆ ತೂಗುಹಾಕಿದ್ದಳು. ಅದಾದ ಕೆಲವೇ ವಾರಕ್ಕೆ ಪಾರ್ಶ್ವವಾಯು ಬಡಿದು ಅತ್ತೆಯ ಮಾತೂ ಹೋಯಿತು, ಅರ್ಧ ಮೈಯೂ ಹೋಯಿತು.

ಮಾಲೀಕನಿಗೆ ಆ ಸಾಲು ಕೆಡವಿ ಎತ್ತರದ ಕಟ್ಟಡ ಕಟ್ಟಬೇಕಿತ್ತು. ಜನರನ್ನು ಎಬ್ಬಿಸಲು ಕಾಯ್ದೆ ಬಿಡುತ್ತಿರಲಿಲ್ಲ. ಬಾಗಿಲ ವಿಷಯ ಮಾತ್ರ ಕಾಯ್ದೆಯಲ್ಲಿ ಎಲ್ಲೂ ಇರಲಿಲ್ಲ.

ಸಣ್ಣಕ್ಕ ಚೌಕಟ್ಟಿಗೆ ಹಳೇ ಬೆಡ್‌ಶೀಟು ಕಟ್ಟಿದಳು. ಗಾಳಿ ಬಂದರೆ ಅದು ಹಾರಿ ಬೀದಿಯೆಲ್ಲ ಒಳಗೆ ಬರುತ್ತಿತ್ತು. ಕೆಲಸದಿಂದ ಬರುವಷ್ಟರಲ್ಲಿ ನಾಯಿ ಗಂಜಿ ಪಾತ್ರೆ ನೆಕ್ಕಿ, ಅತ್ತೆಯ ಕಾಲ ಬುಡದಲ್ಲೇ ಮಲಗಿರುತ್ತಿತ್ತು. ಓಡಿಸಲು ಮುದುಕಿಗೆ ದನಿಯೂ ಇಲ್ಲ.

ಅರ್ಧ ದಿನದ ರಜೆ ಹಾಕಿ ಸಣ್ಣಕ್ಕ ಬಾಡಿಗೆ ತಕರಾರು ನೋಡುವ ಸರ್ಕಾರಿ ಕಚೇರಿಗೆ ಹೋದಳು. ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಾಣುತ್ತಿದ್ದ. ಕುರ್ಚಿ ತೋರಿಸಿದ, ಪೂರ್ತಿ ಕೇಳಿಸಿಕೊಂಡ.

"ನಿಮ್ಮನ್ನ ಹೊರಗೆ ಹಾಕಿದ್ರೇನಮ್ಮಾ?"

"ಇಲ್ಲ ಸಾರ್. ಬಾಗಿಲು ಕಿತ್ಕೊಂಡು ಹೋದ್ರು."

"ಅಂದ್ರೆ ನೀವು ಒಳಗೇ ಇದೀರಿ."

"ಒಳಗೆ ಯಾವುದು, ಹೊರಗೆ ಯಾವುದು ಸಾರ್, ಬಾಗಿಲೇ ಇಲ್ದಿದ್ಮೇಲೆ?"

ಅವನು ನಕ್ಕ. ನಗು ಕೆಟ್ಟದಾಗಿರಲಿಲ್ಲ. "ನೋಡಮ್ಮಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ನಾನು ಬಂದು ನೋಡಿದ್ರೆ, ಬಾಗಿಲಿಲ್ಲ, ಈ ಮನೆ ವಾಸಕ್ಕೆ ಯೋಗ್ಯ ಅಲ್ಲ ಅಂತ ಬರೀಬೇಕಾಗುತ್ತೆ. ಹಾಗೆ ಬರೆದ್ರೆ ನಿಮ್ಮನ್ನ ನಾವೇ ಖಾಲಿ ಮಾಡಿಸಬೇಕು. ಬರ್ಲಾ?"

ಸಣ್ಣಕ್ಕ ಎದ್ದಳು. "ಬೇಡ ಸಾರ್," ಅಂದಳು.

ಸಾಲಿನ ಕೋಣೆಗಳು ಒಂದೊಂದಾಗಿ ಬರಿದಾದವು. ಯಾರೂ ಜಗಳ ಮಾಡಲಿಲ್ಲ. ಸಾಮಾನು ಕಟ್ಟುವುದು ಎಲ್ಲರಿಗೂ ಕೈಗೆ ಹತ್ತಿದ ಕೆಲಸ. ಕಡೆಗೆ ಮಾಲೀಕ ಬಡಗಿಯ ಬೆನ್ನು ತಟ್ಟಿ, "ನಿಂದೂ ಬಿಚ್ಚಿಬಿಡಪ್ಪಾ. ಅವರಿಗೊಂದು ನ್ಯಾಯ, ನಿನಗೊಂದು ನ್ಯಾಯ ಅಂದಂಗೆ ಆಗಬಾರದು ನೋಡು" ಅಂದ. ಬಡಗಿ ತನ್ನ ಬಾಗಿಲನ್ನು ತಾನೇ ಬಿಚ್ಚಿ, ತಾನೇ ಹೊತ್ತುಕೊಂಡು ಹೋಗಿ ಮಾಲೀಕನ ಕಾರ್ ಶೆಡ್ಡಿನಲ್ಲಿ ಉಳಿದ ಬಾಗಿಲುಗಳ ಜೊತೆ ಇಟ್ಟು ಬಂದ.

ಆ ಭಾನುವಾರ ಸಣ್ಣಕ್ಕ ಅತ್ತೆಯ ಬಟ್ಟೆ ಬಿಚ್ಚಿ ಮೈ ಒರೆಸುತ್ತಿದ್ದಳು. ಬೆಡ್‌ಶೀಟು ಸರಿಯಿತು. ಮಾಲೀಕ, ಅವನ ಹಿಂದೆ ಅಳತೆಯ ಟೇಪು ಹಿಡಿದ ಇಬ್ಬರು ಗಂಡಸರು.

"ಹೊರಗೆ ನಿಂತ್ಕೊಳ್ರಿ!" ಸಣ್ಣಕ್ಕ ಕೂಗಿದಳು.

"ಏ, ನಿನ್ನ ಕೆಲಸ ನೀನು ಮಾಡ್ಕೋ. ನಾವು ಗೋಡೆ ಅಳೆಯೋಕೆ ಬಂದಿರೋದು, ನಿಮ್ಮತ್ತೆನ ಅಲ್ಲ."

ಟೇಪು ಸರ್ರನೆ ಮುದುಕಿಯ ಕಾಲ ಮೇಲಿಂದ ಹಾದು ಎದುರು ಗೋಡೆ ಮುಟ್ಟಿತು. ಮುದುಕಿ ಮೈ ಮುಚ್ಚಿಕೊಳ್ಳಲು ಹೋಗಲಿಲ್ಲ. ಆಡುವ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೀರು ಇಳಿಯಿತು. ಗಂಡಸರಲ್ಲೊಬ್ಬ ಬೇರೆ ಕಡೆ ನೋಡುತ್ತಾ ಅಳತೆ ಹೇಳಿದ. ಹೋದರು.

ಸಣ್ಣಕ್ಕ ಅವಸರ ಮಾಡಲಿಲ್ಲ. ಅತ್ತೆಯ ಮೈ ಒರೆಸಿ, ಹೊದಿಸಿ, ಕೈ ತೊಳೆದು ಹೊರಗೆ ಬಂದಳು. ಬಡಗಿ ಬಾಗಿಲಿಲ್ಲದ ತನ್ನ ಕೋಣೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಅಣ್ಣಾ, ಸ್ಕ್ರೂಡ್ರೈವರ್ ಐತಾ?"

"ಯಾಕೆ?"

"ನನ್ನ ಬಾಗಿಲು ತರ್ತೀನಿ."

"ಕಳ್ಳತನ ಅಂತಾನೆ ಕಣಮ್ಮಾ. ಪೊಲೀಸ್ ಕರೀತಾನೆ."

"ಕರೀಲಿ. ಬರೋ ತನಕ ಆದ್ರೂ ಬಾಗಿಲು ಇರುತ್ತೆ."

ಬಡಗಿ ಮಣ್ಣಿಗೆ ಉಗಿದ. "ನಿನ್ನ ಬಾಗಿಲೊಂದು ಮಾತ್ರ ಬಿಡ್ತೀನಿ ಅಂತ ನಂಗೆ ಹೇಳಿದ್ದ, ಬೋಳಿಮಗ," ಎಂದು ಎದ್ದ. "ಒಬ್ಬಳ ಕೈಲಿ ಆಗಲ್ಲ ಅದು. ನಡಿ."

ಕಾರ್ ಶೆಡ್ಡಿಗೆ ಬೀಗವಿರಲಿಲ್ಲ. ಹಾಡಹಗಲೇ, ಅಂಗಡಿ ಬೀದಿಯ ನಡುವೆ ಇಬ್ಬರೂ ತಗಡಿನ ಬಾಗಿಲು ಹೊತ್ತು ನಡೆದರು. ಮಾಲೀಕನ ಹೆಂಡತಿ ಮಹಡಿಯಿಂದ ಕಿರುಚಿದಳು. ಅಂಗಡಿಯವರು ಕೆಲಸ ನಿಲ್ಲಿಸಿ ನೋಡಿದರು. ಹೆಗಲು ಕೊಡಲು ಯಾರೂ ಬರಲಿಲ್ಲ. ತಗಡಿನ ಅಂಚು ಸಣ್ಣಕ್ಕನ ಭುಜ ಕೊಯ್ಯುತ್ತಿತ್ತು. ಅವಳಿಗೆ ಸಿಟ್ಟು ಇರಲಿಲ್ಲ. ಎಲ್ಲಾದರೂ ಒಂದು ಗಳಿಗೆ ಒರಗಿಕೊಳ್ಳಬೇಕು ಅನ್ನಿಸುತ್ತಿತ್ತು, ಅಷ್ಟೇ.

ಬಡಗಿ ಕೀಲು ಕೂಡಿಸಿ ಸ್ಕ್ರೂ ಬಿಗಿದ. "ಒಳಗೆ ಹೋಗಮ್ಮಾ. ನಾನು ಇಲ್ಲೇ ಇರ್ತೀನಿ," ಅಂದ.

ಅವಳು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಕೋಣೆ ಕತ್ತಲಾಯಿತು. ಅತ್ತೆ ಮುಖದ ಮೇಲಿನ ಹೊದಿಕೆಯನ್ನು ತಾನೇ ಕೆಳಗೆಳೆದಳು.

ಸಣ್ಣಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಕ್ಕು ಬಿಡಿಸುತ್ತಿರುವಾಗ ಹೊರಗೆ ಗಾಡಿ ನಿಂತ ಸದ್ದಾಯಿತು. ಬಡಗಿ ಏನೋ ಅಂದ. ಅವನನ್ನು ಯಾರೋ ಹೊಡೆದ ಸದ್ದೂ ಕೇಳಿತು. ಆಮೇಲೆ ತಗಡು ನಡುಗುವ ಹಾಗೆ ಬಾಗಿಲು ಬಡಿದರು.

"ತೆಗಿಯೇ, ಕಳ್ಳ ಮುಂಡೆ!"

"ಯಾರದು?" ಸಣ್ಣಕ್ಕ ಕೂತಲ್ಲಿಂದಲೇ ಕೇಳಿದಳು.

"ಯಾರದು ಅಂತ ನನ್ನೇ ಕೇಳ್ತೀಯಾ? ಓನರ್ ಕಣೇ! ಪೊಲೀಸ್ರೂ ಬಂದಿದಾರೆ!"

"ಕಾಯಬೇಕು ಸ್ವಾಮಿ. ಅತ್ತೆಗೆ ತಲೆ ಬಾಚ್ತಿದೀನಿ."

ಚಿಲಕದ ಸ್ಕ್ರೂ ಒಂದೊಂದು ಒದೆಗೂ ಕೂದಲೆಳೆಯಷ್ಟು ಹೊರಗೆ ಬರುತ್ತಿತ್ತು. ಸಣ್ಣಕ್ಕ ಅದನ್ನು ನೋಡುತ್ತಾ ಬೈತಲೆ ತೆಗೆದಳು.