ಎಡಗಣ್ಣು

“ಐಸ್ ಪೆಟ್ಟಿಗೆ ಹೊರಗೇ ಇಡಯ್ಯ,” ಎಂದು ಚನ್ನಮಲ್ಲಪ್ಪನವರು ಬಾಗಿಲಿಗೆ ಅಡ್ಡ ಕೈ ಚಾಚಿದರು. ಒಳಗೆ, ಬೆಳಗಿನ ಜಾವ ಲಿಂಗೈಕ್ಯಳಾದ ಅವರ ತಂಗಿ ದಮಯಂತಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ದಾನದ ಕಣ್ಣು ತೆಗೆದೊಯ್ಯಲು ಮಡಿಕೇರಿಯ ನೇತ್ರಬ್ಯಾಂಕಿನಿಂದ ಕೊಡ್ಲಿಪೇಟೆಗೆ ಬಂದಿದ್ದ ಮಿಲನ್ ಅಂಗಳದಲ್ಲೇ ನಿಂತ.

“ಅವ್ವ ಮಾತು ಕೊಟ್ಟಿದ್ಲು, ಮಾವ,” ಎಂದಳು ದಮಯಂತಿಯ ಮಗಳು ವೀಣಾ. “ತಡ ಆದ್ರೆ ಕಣ್ಣು ಕೆಟ್ಟೋಗ್ತವೆ.”

“ಕೊರಳ ಲಿಂಗ ಎಡಗೈಲಿಟ್ಟು ಮಣ್ಣು ಮಾಡ್ತೀವಲ್ಲ, ಕಣ್ಣಿಲ್ದೆ ಅದನ್ನ ಹೆಂಗೆ ನೋಡ್ತಾಳೆ? ಸೀಗಡಿ ಮುಟ್ಟಿದ ಕೈಗೆ ಲಿಂಗ ಕೊಡ್ತಿರೋದೇ ಹೆಚ್ಚು.”

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ನೆರೆಮನೆಯ ದೇರಪ್ಪ ಕುರ್ಚಿ ಜೋಡಿಸುತ್ತಲೇ ಅಂದ: “ನಿಮ್ಗೆ ಎರಡು ಕಣ್ಣಿದ್ದೂ ತಂಗಿ ಮನೆ ದಾರಿ ಕಾಣ್ಲಿಲ್ವಲ್ಲ, ಅಣ್ಣಾ.”



*

ಗಂಡ ಸತ್ತ ಮೇಲೆ ದಮಯಂತಿ ಮಗಳೊಡನೆ ಕರಾವಳಿಗೆ ಹೋಗಿ, ಸೀಗಡಿ ಮರಿ ಮಾಡಿಸುವ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಂದಿನಿಂದ ತವರಿನವರು ಅವಳ ಕೈಯ ನೀರು ಮುಟ್ಟಲಿಲ್ಲ; ಕೆಲಸ ಬಿಟ್ಟು ಕೊಡ್ಲಿಪೇಟೆಗೆ ಮರಳಿ ಬೇರೆ ಮನೆ ಮಾಡಿದ ಮೇಲೂ.

ತೊಟ್ಟಿಯಲ್ಲಿ ಸಾಕಿದ ತಾಯಿ ಸೀಗಡಿಗಳಲ್ಲಿ ಮೊಟ್ಟೆ ಸುಲಭವಾಗಿ ಬಲಿಯುವುದಿಲ್ಲ. ಅವುಗಳ ಒಂದು ಕಣ್ಣಿನ ತೊಟ್ಟನ್ನು ಕಾಸಿದ ಚಿಮುಟದಿಂದ ಹಿಸುಕಿ ತೆಗೆಯುವುದು ಅವಳ ಕೆಲಸ.

“ಕಣ್ಣಿಗೂ ಮೊಟ್ಟೆಗೂ ಏನವ್ವ ಸಂಬಂಧ?” ಎಂದು ಶಾಲೆ ಬಿಟ್ಟು ಬಂದ ವೀಣಾ ಕೇಳಿದ್ದಳು.

“ಕಣ್ಣಿನ ತೊಟ್ಟಲ್ಲಿ ಒಂದು ರಸ ಐತೆ. ಹಾರ್ಮೋನು ಅಂತಾರೆ. ‘ಈಗ ಬ್ಯಾಡ, ಈಗ ಬ್ಯಾಡ’ ಅಂತ ಅದು ಮೊಟ್ಟೆ ತಡೀತಿರುತ್ತೆ. ಅದು ಕಮ್ಮಿ ಆದ್ರೆ ಹೊಟ್ಟೆ ತುಂಬ್ಕೊಳ್ಳುತ್ತೆ.”

“ಎರಡೂ ತೆಗೆದ್ರೆ?”

“ಸಾಯುತ್ತೆ, ಮಗಾ. ಒಂದಾದ್ರೂ ಇರ್ಬೇಕು.”

ಒಂದು ಕಣ್ಣಿನವೂ ಬಹುಕಾಲ ಬಾಳುತ್ತಿರಲಿಲ್ಲ. ಮೇಲಿಂದ ಮೇಲೆ ಮೊಟ್ಟೆಯಿಟ್ಟು, ಸೋತು, ತೊಟ್ಟಿಯ ತಳ ಸೇರುತ್ತಿದ್ದವು. ಬಲೆಯಲ್ಲಿ ಅವನ್ನು ಎತ್ತುವಾಗ ದಮಯಂತಿ “ಶಿವಾ” ಎನ್ನುತ್ತಿದ್ದಳು. ಸತ್ತ ಮೇಲೆ ತನ್ನ ಕಣ್ಣು ಕೊಡಬೇಕೆಂದು ಆ ತೊಟ್ಟಿಯ ಬಳಿಯೇ ನಿಶ್ಚಯಿಸಿದ್ದಳು.

*

“ಹಂಗಾದ್ರೆ ಒಂದು ತಗೊಳ್ಳಲಿ, ಮಾವ.” ವೀಣಾ ಮಾವನ ತೋಳು ಹಿಡಿದಳು. “ಲಿಂಗ ನೋಡೋಕೆ ಒಂದಿರಲಿ.”

ಚನ್ನಮಲ್ಲಪ್ಪನವರು ತಂಗಿಯ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಮಿಲನ್ ಕಡೆ ತಿರುಗಿದರು. “ಒಂದ್ರಿಂದ ಆಗುತ್ತೇನಯ್ಯ?”

“ಒಬ್ರಿಗೆ ಆಗುತ್ತೆ, ಯಜಮಾನ್ರೇ. ಕಾಯ್ತಿರೋರು ಇಬ್ರು.”

“ಬಲಗಣ್ಣು ತಗೋ,” ಎಂದು ಚನ್ನಮಲ್ಲಪ್ಪನವರು ಬಾಗಿಲು ಬಿಟ್ಟರು.

ಸಂಜೆ ಗುಣಿಗೆ ಅವರೇ ಇಳಿದರು. ತಂಗಿಯನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ತಲೆಯನ್ನು ಅದರತ್ತ ಬಾಗಿಸಿದರು. ಬಲಗಣ್ಣಿನ ಹತ್ತಿ ಒದ್ದೆಯಾಗಿತ್ತು. ಎಡಗಣ್ಣು ಮುಚ್ಚಿತ್ತು. ಹೆಬ್ಬೆರಳಿನಿಂದ ಅದರ ರೆಪ್ಪೆ ಎತ್ತಿದರು. ಕೈ ತೆಗೆದೊಡನೆ ಅದು ಇಳಿಯಿತು. ಮತ್ತೆ ಎತ್ತಿದರು.

“ಮೇಲೆ ಬನ್ನಿ, ಮಾವ,” ಎಂದು ವೀಣಾ ಕರೆದಳು.

ಮೇಲಿನಿಂದ ವಿಭೂತಿ, ಬಿಲ್ವದೆಲೆ, ಮೊದಲ ಹಿಡಿ ಮಣ್ಣು ಅವರ ತೋಳಿನ ಮೇಲೆ ಬಿದ್ದವು. ಹೆಬ್ಬೆರಳು ರೆಪ್ಪೆಯನ್ನು ಎತ್ತಿ ಹಿಡಿದೇ ಇತ್ತು.